ಮೂವತ್ತೊಂದು ಮೈಲಿ

ಪೂರ್ತಿ ಹೆಸರು ಹೇಳಲು ಒಂದುಸಿರು ಸಾಲದು:
ಹಾರ್ಲೋ, ಟ್ಯಾಮರಾಕ್ ಮತ್ತು ಪೆಸಿಫಿಕ್ ರೈಲ್ವೇ ಕಂಪನಿ.
ವರ್ಮಾಂಟಿನಿಂದ ಪೆಸಿಫಿಕ್ ಸಮುದ್ರ ಮೂರು ಸಾವಿರ ಮೈಲಿ.
ಹಳಿ ಹೋದದ್ದು ಮೂವತ್ತೊಂದು,
ನಿಂತದ್ದು ಜೋಸಯಾ ಪ್ರೌಟಿಯ ಟರ್ನಿಪ್ ಹೊಲದ ಬೇಲಿಗೆ.

ನಾನು ಈ ಊರ ದಫ್ತರದ ಗುಮಾಸ್ತೆ.
ನೆಲಮಾಳಿಗೆಯಲ್ಲಿ ಕಂಪನಿಯವು ಏಳು ಪೆಟ್ಟಿಗೆ.
ಇಲಿ ತಿಂದು ಉಳಿದದ್ದನ್ನು ಪಟ್ಟಿ ಮಾಡು ಅಂದಿದ್ದಾರೆ.

ಮೊದಲ ಪೆಟ್ಟಿಗೆ: ಸಾವಿರದ ಎಂಟುನೂರ ಎಪ್ಪತ್ತೊಂದು, ಮಾರ್ಚ್,
ಊರ ಸಭೆ. ಬಾಂಡಿಗೆ ಒಪ್ಪಿಗೆಯೇ?
ಹೌದು ನೂರ ಹನ್ನೆರಡು, ಇಲ್ಲ ನಲವತ್ತೇಳು.
ಹೌದೆಂದವರ ಕಿವಿಯಲ್ಲಿ ಆಗಲೇ ಸೀಟಿ:
ಬೆಣ್ಣೆ ಬಾಸ್ಟನ್ನಿಗೆ, ಕಲ್ಲುಚಪ್ಪಡಿ ಆಲ್ಬನಿಗೆ,
ದುಡ್ಡು ಇಳಿಜಾರು ಹಿಡಿದು ನೇರ ಊರಿಗೆ.
ಆಮೇಲೆ ಎರಡೇ ಸಾಲು, ಶಾಯಿ ತೆಳ್ಳಗೆ:
"ವಿಧವೆ ಮೆಹಿಟಬೆಲ್ ಸ್ಪ್ರೇಗ್ ಎದ್ದು ನಿಂತರು.
ಕೂರಲು ಹೇಳಲಾಯಿತು."
ಎಂಬತ್ತು ಎಕರೆ ಇತ್ತು, ಕಂದಾಯ ಇತ್ತು, ಅವಳಿಗೆ
ಓಟಿರಲಿಲ್ಲ.

ಎರಡನೆಯದರಲ್ಲಿ ಕೂಲಿಪಟ್ಟಿ.
ಕ್ವಿಬೆಕ್‌ನಿಂದ ಬಂದವರು, ಐರ್ಲೆಂಡಿನ ಕ್ಲೇರ್‌ನಿಂದ ಬಂದವರು;
ಹೆಸರಿನ ಕಾಗುಣಿತ ವಾರಕ್ಕೊಂದು ತರ,
ಕೂಲಿ ಎಲ್ಲ ವಾರವೂ ಒಂದೇ, ಡಾಲರಿಗೆ ಹತ್ತು ಸೆಂಟು ಕಮ್ಮಿ.
ಓಕ್ ಮರಕ್ಕೆ ದುಡ್ಡು ಸಾಲದೆ ಹೆಮ್ಲಾಕಿನ ಸ್ಲೀಪರು ಹಾಸಿದರು;
ಐದೇ ಚಳಿಗಾಲಕ್ಕೆ ಅವು
ಹಾಲಿಗೆ ಅದ್ದಿದ ರೊಟ್ಟಿಯ ಹಾಗೆ ಮೆತ್ತಗಾದವು.

ಬ್ರೇಕ್‌ಮನ್ ಕೆಲಸ ಕೇಳಿ ಬಂದವನನ್ನು
ಅನುಭವ ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲವಂತೆ.
ಕೈ ತೋರಿಸು ಅನ್ನುತ್ತಿದ್ದರು.
ಎರಡು ಬೋಗಿ ಡಿಕ್ಕಿಯಾಗುವ ಕ್ಷಣಕ್ಕೆ ಸರಿಯಾಗಿ
ಕೊಂಡಿಯೊಳಗೆ ಗೂಟ ಇಳಿಸಬೇಕು,
ಬೆರಳು ಎಳೆದುಕೊಳ್ಳಬೇಕು.
ನನ್ನ ಮುತ್ತಜ್ಜ ಟೆಲಸ್ಫೋರ್ ಬೆನ್ವಾಗೆ
ಸೇರುವಾಗ ಹತ್ತು, ಬಿಡುವಾಗ ಏಳು.
ಆ ಏಳರಲ್ಲೇ ಪಿಟೀಲು ನುಡಿಸುತ್ತಿದ್ದ,
ನಡುನಡುವೆ ಸ್ವರ ಬಿಟ್ಟು ಬಿಟ್ಟು.
ನನ್ನಜ್ಜಿ ಹಾಡನ್ನು ಹಾಗೇ ಕಲಿತಳು, ತೂತುಗಳ ಸಮೇತ;
ನನಗೂ ಹಾಗೇ ಬರುತ್ತದೆ.
ಸರಿಯಾದದ್ದನ್ನು ಒಮ್ಮೆ ರೇಡಿಯೋದಲ್ಲಿ ಕೇಳಿದೆ,
ಯಾರೋ ಸುಮ್ಮನೆ ಗಾರೆ ಮೆತ್ತಿದ್ದಾರೆ ಅನ್ನಿಸಿತು.

ಸರಕಿನ ಪುಸ್ತಕ: ಬೆಣ್ಣೆಯ ಮರಿಗೆ ನಲವತ್ತು,
ಪಿಯಾನೋ ಒಂದು,
ಶವಪೆಟ್ಟಿಗೆ ಖಾಲಿ ಆರು, ತುಂಬಿದ್ದು ಒಂದು,
ನಿಂಬೆಹಣ್ಣು ಎರಡು ಬುಟ್ಟಿ. ಅದರ ಅಂಚಿಗೆ
ಸ್ಟೇಷನ್ ಮಾಸ್ತರರ ಪೆನ್ಸಿಲ್ಲು:
"ಒಂದು ಕಡಿಮೆ. ಮೂಸಿ ನೋಡಲು ನಾನೇ ತೆಗೆದೆ."

ಎಂಬತ್ತಮೂರರ ನವೆಂಬರಿನಲ್ಲಿ
ರೈಲು ನಮ್ಮ ಮಧ್ಯಾಹ್ನವನ್ನೇ ಎಂಟು ನಿಮಿಷ ಹಿಂದೆ ಸರಿಸಿತು.
ಚರ್ಚಿನ ಗಂಟೆ ಒಪ್ಪಲಿಲ್ಲ; ಸೂರ್ಯನ ಕಡೆಗೇ ಉಳಿಯಿತು.
ಹನ್ನೊಂದು ವರ್ಷ ಊರಿಗೆ ದಿನಕ್ಕೆರಡು ನಡುಹಗಲು,
ನಡುವಿನ ಎಂಟು ನಿಮಿಷಕ್ಕೆ ಯಜಮಾನನಿಲ್ಲ.
ಸ್ಕೂಲಿನ ಹುಡುಗರು ಅಷ್ಟರಲ್ಲೇ
ಹೊಳೆಗೆ ಹೋಗಿ ಬರುತ್ತಿದ್ದರಂತೆ.

ತೊಂಬತ್ತೆಂಟರಲ್ಲಿ ಹಳಿ ಕಿತ್ತು ತೂಕಕ್ಕೆ ಮಾರಿದರು.
ಬಾಂಡು ಕೀಳಲು ಬರಲಿಲ್ಲ.
ಏಳನೆಯ ಪೆಟ್ಟಿಗೆ ತುಂಬ ರಸೀತಿ:
ರೈಲನ್ನೇ ಕಾಣದವರು ರೈಲಿಗೆ ತೆತ್ತದ್ದು,
ಮೈಲಿಗೆ ಹತ್ತಿರ ಹತ್ತಿರ ಎರಡು ವರ್ಷದಂತೆ,
ಸಾವಿರದ ಒಂಬೈನೂರ ಮೂವತ್ತೊಂದರ ತನಕ.
ಅಜ್ಜಿಯ ಸಹಿಯೂ ಇದೆ ಒಂದರ ಮೇಲೆ,
ನಾಲ್ಕು ಡಾಲರು, ಇಪ್ಪತ್ತು ಸೆಂಟು.
ಆ ವರ್ಷ ಅವಳು ಪಿಟೀಲು ಮಾರಿದ್ದು ನನಗೆ ಗೊತ್ತು.
ಇದಕ್ಕೋ, ಬೇರೆ ಏತಕ್ಕೋ, ಗೊತ್ತಿಲ್ಲ.

ಐದು ಗಂಟೆ. ದೀಪ ಆರಿಸುವ ಮೊದಲು
ಮತ್ತೆ ಮೊದಲ ಪೆಟ್ಟಿಗೆ ತೆರೆದೆ.
ನನ್ನ ಪಟ್ಟಿಯಲ್ಲಿ 'ವಿಷಯ' ಎಂಬ ಕಲಮು ಇದೆ, ಬೆರಳಗಲ.
ಬರೆದೆ: ಬಾಂಡು. ಮತ ಎಣಿಕೆ. ಸ್ಪ್ರೇಗ್ ಎದ್ದು ನಿಂತದ್ದು.

ಕೂರಲು ಹೇಳಲಾಯಿತು ಎಂದಿದೆ.
ಕೂತಳು ಎಂದಿಲ್ಲ, ಹಾಳೆ ತಿರುವಿ
ಹಿಂದೆಯೂ ನೋಡಿದೆ.